ಬೇರು ಕಟ್ಟಬೇಕು

ಜನವರಿ 6, ಸೋಮವಾರ

ಇವತ್ತು ಎಲ್ಲರೆದುರು ಮರ್ಯಾದೆ ಹೋಯಿತು. ಆದರೂ ಕುಣಿಯುವಷ್ಟು ಖುಷಿಯಾಗಿದೆ. ಎರಡೂ ಒಟ್ಟಿಗೆ ಹೇಗೆ ಎಂದು ಕೇಳುವವರು ಇಲ್ಲಿ ಯಾರೂ ಇಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ರೇಡಿಯಾಲಜಿ ಪಿಜಿ ಎರಡನೇ ವರ್ಷಕ್ಕೆ ಬಂದ ಮೇಲೆ ಮೊದಲ ಸಲ ನನ್ನ ಕೈಗೆ ಮೊಣಕಾಲಿನ ಎಂಆರ್‌ಐ ಕೊಟ್ಟಿದ್ದಾರೆ. ಬೆಳಿಗ್ಗೆ ಮೊದಲ ಕೇಸು ಒಬ್ಬ ವಾಲಿಬಾಲ್ ಹುಡುಗನದು. ಪರದೆಯ ಮೇಲೆ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ಹೋದೆ. ಮಂಡಿಯ ಹೊರಬದಿಯ ಮಿನಿಸ್ಕಸ್ಸಿನ, ಅಂದರೆ ಮೂಳೆಗಳ ನಡುವಿನ ಮೆತ್ತೆಯ, ಮುಂತುದಿ, ಅಲ್ಲೊಂದು ಕಪ್ಪು ತ್ರಿಕೋನ, ಅದರ ನಡುವೆ ಬೆಳ್ಳಗೆ ಒಂದು ಗೆರೆ. ಮೆತ್ತೆ ಹರಿದಿದೆ, ನಾನೇ ಕಂಡುಹಿಡಿದೆ ಎಂದು ಕುರ್ಚಿಯಿಂದ ಎದ್ದು ಕೂಗಿಯೇಬಿಟ್ಟೆ. ನಮ್ಮ ಪ್ರೊಫೆಸರ್ ರಾಘವೇಂದ್ರ ಸರ್ ಬಂದರು, ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

ಅದು ಹರಿದದ್ದಲ್ಲವಂತೆ. ಎರಡೂ ಮಿನಿಸ್ಕಸ್ಸುಗಳ ಮುಂತುದಿಗಳನ್ನು ಜೋಡಿಸಿಕೊಂಡು ಅಡ್ಡಲಾಗಿ ಹೋಗುವ, ಹುರಿಯಂಥ ಒಂದು ಲಿಗಮೆಂಟ್, ಬಹಳ ಜನರಿಗೆ ಹುಟ್ಟಿನಿಂದಲೇ ಇರುವಂಥದ್ದು. ಅದು ಮೆತ್ತೆಗೆ ಬಂದು ಸೇರುವ ಸಂದಿನಲ್ಲಿ ಕೊಬ್ಬು ಕೂತು, ಹರಿದ ಗೆರೆಯಂತೆಯೇ ಕಾಣುತ್ತದೆ. ಪಕ್ಕದ ಚಿತ್ರಕ್ಕೆ ಸರಿಸು ಎಂದರು. ಸರಿಸಿದೆ. ಇನ್ನೊಂದು ಎಂದರು. ಗೆರೆಯ ಮುಂದಿದ್ದ ಕಪ್ಪು ಚುಕ್ಕೆ, ಅದೇ ಆ ಲಿಗಮೆಂಟ್, ಮೆಲ್ಲಗೆ ಮೆತ್ತೆಯನ್ನು ಬಿಟ್ಟು ಹೊರಟಿತು, ಮಂಡಿಯ ಮುಂಭಾಗವನ್ನು ದಾಟಿತು, ಒಳಬದಿಯ ಮೆತ್ತೆಗೆ ಹೋಗಿ ಸೇರಿಕೊಂಡಿತು. ಹಿಂದೆ ನಿಂತವರೆಲ್ಲ ಮುಸಿಮುಸಿ ನಕ್ಕರು.

"ಹರಿದದ್ದು ಆಮೇಲೆ ಹುಡುಕಮ್ಮಾ," ಅಂದರು ಸರ್. "ಮೊದ್ಲು ಯಾವುದು ಎಲ್ಲಿ ಕಟ್ಕೊಂಡೈತೆ ನೋಡು. ತುದಿ ಸಿಗೋವರೆಗೂ ಬಿಡಬ್ಯಾಡ."

ನಗಲಿ ಬಿಡಿ. ಆ ಚುಕ್ಕೆ ಹೊರಟ ರೀತಿ ಇತ್ತಲ್ಲ, ಎಂಥ ಸೊಗಸು! ಮಧ್ಯಾಹ್ನ ಊಟ ಬಿಟ್ಟು ಅದನ್ನೇ ಹಿಂದೆ ಮುಂದೆ ಓಡಿಸಿ ನೋಡಿದೆ. ಹುಡುಗನ ಮಂಡಿಗೆ ಏನೂ ಆಗಿಲ್ಲ, ಅದೊಂದೇ ಬೇಜಾರು. ಚೂರಾದರೂ ಹರಿದಿರಬಾರದಿತ್ತೇ.

ಜನವರಿ 12, ಭಾನುವಾರ

ಸಂಕ್ರಾಂತಿ ಹತ್ತಿರ ಬಂತು. ಮನೆಯಲ್ಲಿ ಅಮ್ಮ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಳು, ನಾನು ಹೆಚ್ಚಿದ್ದನ್ನು ತಿನ್ನುತ್ತಿದ್ದೆ. ಪಿ.ಜೆ. ಬಡಾವಣೆಯ ನಮ್ಮ ಬೀದಿಯಲ್ಲಿ ಎಲ್ಲರಿಗೂ ಅಮ್ಮ ಕನ್ನಡ ಟೀಚರ್. ಹೈಸ್ಕೂಲಿನಲ್ಲಿ ಪಾಠ ಮಾಡಿ ಮಾಡಿ ಮನೆಯಲ್ಲೂ ಪಾಠವೇ. ಇವತ್ತು ಮಾತ್ರ ಪಾಠ ನನ್ನದು.

ಬಾಗಿದ ಒಂದು ಕೊಬ್ಬರಿ ಹೋಳು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡೆ. ನೋಡಮ್ಮಾ, ಮಿನಿಸ್ಕಸ್ ಅಂದರೆ ಇದೇ ಎಂದೆ. ಹೊರ ಅಂಚು ದಪ್ಪ, ಒಳ ಅಂಚು ತೆಳು. ಪ್ರತಿ ಮಂಡಿಯಲ್ಲಿ ಎರಡು. ಒಳಬದಿಯದು ಹೀಗೆ ಅರ್ಧ ಬಳೆಯಂತೆ, ಹೊರಬದಿಯದು ಹೆಚ್ಚುಕಡಿಮೆ ಪೂರ್ತಿ ಬಳೆ. ತೊಡೆಯ ಮೂಳೆಯ ಭಾರವೆಲ್ಲ ಇದರ ಮೇಲೆ. ಭಾರ ಬಿದ್ದರೆ ಆಚೆ ಜಾರಿಹೋಗಬೇಕಲ್ಲವಾ, ಯಾಕೆ ಹೋಗುವುದಿಲ್ಲ ಹೇಳು? ಎರಡೂ ತುದಿಗಳು ಕೆಳಗಿನ ಮೂಳೆಗೆ ನಾಟಿಕೊಂಡಿವೆ. ಗುಟ್ಟೆಲ್ಲ ತುದಿಯಲ್ಲಿದೆ. ಒಂದು ತುದಿ ಕಿತ್ತರೆ ಸಾಕು, ಮೆತ್ತೆ ಇದ್ದೂ ಇಲ್ಲದ ಹಾಗೆ. ಆ ತುದಿಗೆ ಇಂಗ್ಲಿಷಿನಲ್ಲಿ ರೂಟ್ ಎನ್ನುತ್ತಾರೆ.

ಹಾಗಾದರೆ ಬೇರು ಅನ್ನು, ಅದಕ್ಕೇನಂತೆ ಎಂದಳು ಅಮ್ಮ, ನನ್ನ ಕೈಯಿಂದ ಮಿನಿಸ್ಕಸ್ಸನ್ನು ಕಿತ್ತುಕೊಂಡು ಡಬ್ಬಿಗೆ ಹಾಕುತ್ತಾ.

ಬೇರು! ಎಷ್ಟು ಚಂದ, ಎಷ್ಟು ಸಲೀಸು. ಇನ್ನು ಮೇಲೆ ಪೇಷಂಟುಗಳಿಗೆ ಹೀಗೇ ಹೇಳುವುದು. ನಮ್ಮ ಡಾಕ್ಟರುಗಳಿಗೆ ಕನ್ನಡ ಬರುವುದಿಲ್ಲ ಎಂದು ಇನ್ನು ಯಾರು ಅಂತಾರೆ ನೋಡೋಣ.

ಜನವರಿ 21, ಮಂಗಳವಾರ

ಸಿಕ್ಕಿತು! ಸಿಕ್ಕಿತು! ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಅದಕ್ಕೇ.

ಹರಿಹರದ ಹತ್ತಿರದ ಗುತ್ತೂರಿನ ಕೇಸು. ದುರುಗಮ್ಮ, ಐವತ್ತರ ಆಸುಪಾಸು. ಗದ್ದೆಯಲ್ಲಿ ನಾಟಿ ಮಾಡುವಾಗ ಕೆಸರಿನಿಂದ ಕಾಲು ಎತ್ತುತ್ತಿದ್ದಂತೆ ಮಂಡಿಯ ಹಿಂದೆ ಟಕ್ ಅಂತಂತೆ. ಎಕ್ಸ್‌ರೇ ತೆಗೆಸಿ, ವಯಸ್ಸಾಯಿತು, ಸವೆತ ಎಂದು ಯಾರೋ ಹೇಳಿ ಕಳಿಸಿದ್ದರು. ನಮ್ಮ ಟೆಕ್ನಿಷಿಯನ್ ಶಬ್ಬೀರ್ ಬಂದು, ಮೇಡಂ, ಆಯಮ್ಮ ಮಲಗುವವರೆಗೂ ಟಕ್ ಅಂತು ಟಕ್ ಅಂತು ಎಂದೇ ಹೇಳುತ್ತಿದ್ದಳು, ಒಮ್ಮೆ ಮಾತಾಡಿಸಿ ಎಂದ. ಮೊದಲು ಚಿತ್ರ ಬರಲಿ ಮಾರಾಯ, ಕತೆ ಆಮೇಲೆ ಕೇಳೋಣ ಎಂದೆ.

ಬಂತು. ಒಳಬದಿಯಿಂದ ಶುರು ಮಾಡಿದೆ. ಮೆತ್ತೆಯ ಹೊಟ್ಟೆ ಕಪ್ಪಗೆ ಚೆನ್ನಾಗಿದೆ. ಮುಂತುದಿ ಕೆಳಮೂಳೆಗೆ ಸರಿಯಾಗಿ ಕಟ್ಟಿಕೊಂಡಿದೆ. ಸರ್ ಹೇಳಿದ್ದರಲ್ಲ, ತುದಿ ಸಿಗುವವರೆಗೂ ಬಿಡಬೇಡ ಎಂದು, ಹಿಂತುದಿಯ ಕಡೆ ಹೋದೆ. ಕಪ್ಪು ತ್ರಿಕೋನ, ಪಕ್ಕದ್ದರಲ್ಲೂ ತ್ರಿಕೋನ, ಅದರ ಪಕ್ಕದ್ದರಲ್ಲಿ ಏನೂ ಇಲ್ಲ! ಕಪ್ಪಾಗಿ ಇರಬೇಕಾದ ಜಾಗದಲ್ಲಿ ಬರೀ ಬೂದು ಮಂಜು. ಅದರಾಚೆ ಮಂಡಿಯ ನಡುವಿನ ದಪ್ಪ ಲಿಗಮೆಂಟ್ ತನ್ನ ಪಾಡಿಗೆ ತಾನಿದೆ. ಬೇರು ಮಾತ್ರ ಮಾಯ. ಪುಸ್ತಕದಲ್ಲಿ ಇದಕ್ಕೆ ದೆವ್ವ ಎಂದೇ ಹೆಸರಿಟ್ಟಿದ್ದಾರೆ. ಎದುರಿನಿಂದ ತೆಗೆದ ಚಿತ್ರದಲ್ಲಿ ನೋಡಿದರೆ ಬೇರು ಕತ್ತರಿಸಿದ ಹಾಗೆ ಮೊಟಕಾಗಿ ನಿಂತಿದೆ, ಮೆತ್ತೆ ಮೂಳೆಯ ಅಂಚು ದಾಟಿ ಹೊರಗೆ ಜಾರಿದೆ. ಮೇಲಿನಿಂದ ತೆಗೆದದ್ದರಲ್ಲೂ ಅದೇ ಜಾಗದಲ್ಲಿ ಬಿಳಿ ಗೆರೆ. ಮೂರೂ ಕಡೆಯಿಂದ ಸಾಕ್ಷಿ!

ಈ ಸಲ ಕೂಗಲಿಲ್ಲ, ಮೆಲ್ಲಗೆ ಹೋಗಿ ಸರ್ ಅವರನ್ನು ಕರೆದುಕೊಂಡು ಬಂದೆ. ಅವರು ಕನ್ನಡಕ ಒರೆಸಲಿಲ್ಲ, ಜೇಬಿನಿಂದ ತೆಗೆದು ಹಾಕಿಕೊಂಡರು. ಸರಿಯಾಗಿದೆ ಎಂದರು. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ನಮ್ಮವರ ಸಮ್ಮೇಳನ ಇದೆ, ಈ ಕೇಸಿನ ಮೇಲೆ ಪೋಸ್ಟರ್ ಮಾಡು ಎಂದರು. ನಾನು! ಪೋಸ್ಟರ್!

ಆ ಹುರುಪಿನಲ್ಲಿ ಹೊರಗೆ ಬೆಂಚಿನ ಮೇಲೆ ಕೂತಿದ್ದ ಆಯಮ್ಮನ ಹತ್ತಿರ ನಾನೇ ಹೋದೆ. ನಿಮ್ಮ ಮಂಡಿಯ ಬೇರು ಕಿತ್ತಿದೆ, ಬೇರು ಕಟ್ಟಬೇಕು, ಎಷ್ಟು ಬೇಗ ಕಟ್ಟಿಸಿದರೆ ಅಷ್ಟು ಒಳ್ಳೆಯದು ಎಂದೆ. ಆಯಮ್ಮ ನನ್ನ ಮುಖವನ್ನೇ ನೋಡಿದಳು.

"ಬೇರು ಕಟ್ಟಬೇಕಾ?"

"ಹೌದಮ್ಮಾ. ಕಟ್ಟಿಸಿದರೆ ಹುಷಾರಾಗ್ತೀರಿ."

"ಇಷ್ಟು ದಿನದಾಗ ನೀವೊಬ್ರೇ ನೋಡ್ರವ್ವಾ, ನಮಗೆ ತಿಳಿಯಂಗ ಹೇಳಿದ್ದು," ಎಂದು ಕೈ ಮುಗಿದಳು.

ನೆಲದ ಮೇಲೆ ಕಾಲೇ ನಿಲ್ಲಲಿಲ್ಲ ನನಗೆ. ಮೂಳೆ ವಿಭಾಗದ ಸುನೀತಾ ಮೇಡಂ ಅವರನ್ನು ಕಾಣಲು ಚೀಟಿ ಬರೆದುಕೊಟ್ಟು, ರಿಪೋರ್ಟ್ ಕೈಗಿತ್ತು ಒಳಗೆ ಬಂದೆ. ಅಮ್ಮನಿಗೆ ಫೋನು ಮಾಡಿ ಹೇಳಿದರೆ ಅವಳು ಶಹಬ್ಬಾಸ್ ಎಂದಳು.

ಜನವರಿ 23, ಗುರುವಾರ

ಪೋಸ್ಟರಿನಲ್ಲಿ ಬಾಣದ ಗುರುತು ಹಳದಿಯೋ ಕೆಂಪೋ? ಇಡೀ ದಿನ ಇದರಲ್ಲೇ ಹೋಯಿತು. ಹಳದಿ.

ಫೆಬ್ರವರಿ 3, ಸೋಮವಾರ

ಪೋಸ್ಟರ್ ಒಪ್ಪಿಕೊಂಡಿದ್ದಾರೆ! ಹದಿನೈದನೇ ತಾರೀಕು, ಶನಿವಾರ. ಬಹುಮಾನವೂ ಉಂಟಂತೆ. ಯಾವ ಸೀರೆ ಎಂದು ಅಮ್ಮ ಆಗಲೇ ಶುರು ಮಾಡಿದ್ದಾಳೆ.

ಆಪರೇಷನ್ನಿನಲ್ಲಿ ಕಂಡ ಬೇರಿನ ಫೋಟೋ ಒಂದು ಸಿಕ್ಕರೆ ಪೋಸ್ಟರ್ ಪೂರ್ತಿಯಾಗುತ್ತದೆ ಎಂದು ಸುನೀತಾ ಮೇಡಂ ಹತ್ತಿರ ಓಡಿದೆ. ಅಂಥ ಪೇಷಂಟ್ ಯಾರೂ ಬಂದೇ ಇಲ್ಲ ಭುವನೇಶ್ವರಿ ಎಂದುಬಿಟ್ಟರು. ಅಷ್ಟು ಬಿಡಿಸಿ ಹೇಳಿದ್ದೆ! ಈ ಜನಕ್ಕೆ ಹೇಳಿ ಏನು ಪ್ರಯೋಜನ.

ಫೆಬ್ರವರಿ 4, ಮಂಗಳವಾರ

ಬೆಳಿಗ್ಗೆ ದುರುಗಮ್ಮನ ನಂಬರಿಗೆ ಫೋನು ಮಾಡಿದೆ. ಎತ್ತಿದವನು ಮಗ ದಿನೇಶ್, ಅಲ್ಲೇ ಗುತ್ತೂರಿನ ಹತ್ತಿರ ಫ್ಯಾಕ್ಟರಿಯಲ್ಲಿ ಕೆಲಸವಂತೆ. ಹಿಂದೆ ಮಿಷನ್ನುಗಳ ಗದ್ದಲ. ನಿಮ್ಮ ತಾಯಿಯನ್ನು ಯಾಕೆ ಕರೆದುಕೊಂಡು ಬರಲಿಲ್ಲ, ಬೇರು ಕಟ್ಟಬೇಕಿತ್ತಲ್ಲ ಎಂದು ದಬಾಯಿಸಿದೆ.

"ಆಗ್ಲೇ ಕಟ್ಟಿಸಿದ್ವಿ ಮೇಡಂ. ವಾರದ ಮ್ಯಾಲಾತು."

ನನಗೆ ಹೊಟ್ಟೆ ಉರಿದುಹೋಯಿತು. ನಾನು ಕಂಡುಹಿಡಿದ ಬೇರನ್ನು ಇನ್ಯಾರೋ ಕಟ್ಟಿದ್ದಾರೆ! ಯಾರು ಕಟ್ಟಿದ್ದು ಎಂದೆ. ಸಣ್ಣತಿಮ್ಮಪ್ಪ ಎಂದ. ಸರಿ, ಷಿಫ್ಟ್ ಶುರುವಾಯಿತು ಎಂದು ಫೋನು ಇಟ್ಟ.

ಹರಿಹರದಲ್ಲಿ ಸಣ್ಣತಿಮ್ಮಪ್ಪ ಎಂಬ ಮೂಳೆ ಡಾಕ್ಟರು ಯಾರು? ಸುನೀತಾ ಮೇಡಂಗೂ ಗೊತ್ತಿಲ್ಲ. ದುರ್ಬೀನು ಹಾಕಿ ಬೇರು ಕಟ್ಟುವಷ್ಟು ಪಳಗಿದವರು ಅಲ್ಲಿದ್ದಿದ್ದರೆ ನನಗೆ ಗೊತ್ತಾಗದೆ ಇರುತ್ತಿತ್ತೇ ಎಂದರು. ಹೊಸಬರಿರಬೇಕು, ಬೆಂಗಳೂರಿನಿಂದ ಬಂದಿರಬೇಕು ಎಂದು ಇಬ್ಬರೂ ತೀರ್ಮಾನ ಮಾಡಿದೆವು. ಭಾನುವಾರ ಹೋಗಿ ನೋಡಿಯೇ ಬರುತ್ತೇನೆ. ಅವರ ಹತ್ತಿರ ಆಪರೇಷನ್ ಫೋಟೋ ಇದ್ದೇ ಇರುತ್ತದೆ.

ಫೆಬ್ರವರಿ 9, ಭಾನುವಾರ

ಎಲ್ಲಿಂದ ಬರೆಯಲಿ. ನಗಬೇಕೋ ಅಳಬೇಕೋ ಇನ್ನೂ ಗೊತ್ತಾಗುತ್ತಿಲ್ಲ.

ಸ್ಕೂಟರಿನಲ್ಲೇ ಹೋದೆ. ಹರಿಹರ ದಾಟಿ ಗುತ್ತೂರು ಸೇರಿದಾಗ ಬಿಸಿಲು ಏರಿತ್ತು. ಒಂದು ಕಡೆ ಫ್ಯಾಕ್ಟರಿ, ಇನ್ನೊಂದು ಕಡೆ ಹೊಸ ನಾಟಿಯ ಗದ್ದೆ. ದಿನೇಶ್ ಬಾಗಿಲಲ್ಲೇ ಕಾಯುತ್ತಿದ್ದ. ಪಡಸಾಲೆಯ ಮಂಚದ ಮೇಲೆ ಆಯಮ್ಮ ಕಾಲು ಚಾಚಿಕೊಂಡು ಕೂತಿದ್ದಳು. ಮಂಡಿಗೆ ಅರಿಶಿಣ ಬಳಿದಿತ್ತು. ಅದರ ಮೇಲೆ, ಕೆಂಪು ದಾರದಲ್ಲಿ ಬಿಗಿದು, ನನ್ನ ಬೆರಳುದ್ದದ ಒಂದು ಕರೀ ಬೇರು.

ಬೇರು. ಗಿಡದ ಬೇರು.

"ನೀವು ಹೇಳಿದಂಗೇ ಕಟ್ಟಿಸೀನವ್ವಾ," ಅಂದಳು ದುರುಗಮ್ಮ. "ಊತ ಸ್ವಲ್ಪ ಇಳದೈತೆ. ನೋವು ಮಾತ್ರ ಹಂಗೇ ಐತೆ."

ಪಕ್ಕದಲ್ಲಿ ಬಿಳೀ ಟವೆಲ್ಲಿನ ಮುದುಕರೊಬ್ಬರು ಕೂತಿದ್ದರು. ನನ್ನನ್ನು ನೋಡಿದ್ದೇ ಎದ್ದು ನಿಂತು, ಅದೇನು ಸಂಭ್ರಮ, ಕೈ ಮುಗಿದರು. ಅವರೇ ಸಣ್ಣತಿಮ್ಮಪ್ಪ. ಕಾಮಾಲೆಗೆ, ಚೇಳಿನ ವಿಷಕ್ಕೆ ಬೇರು ಕಟ್ಟುವವರು. ಡಾಕ್ಟರು ಕಳಿಸಿದ ಪೇಷಂಟು ಇದೇ ಮೊದಲಂತೆ. ಎಂಆರ್‌ಐ ಫಿಲ್ಮನ್ನೂ ಬಿಸಿಲಿಗೆ ಹಿಡಿದು ನೋಡಿದರಂತೆ, ಏನೂ ತಿಳಿಯಲಿಲ್ಲವಂತೆ.

"ಮಂಡಿಗೆ ನಾನು ಎಂದೂ ಕಟ್ಟಿದೋನಲ್ಲ ತಾಯಿ. ಬ್ಯಾಡ ಅಂದೆ. ಡಾಕ್ಟ್ರೇ ಹೇಳ್ಯಾರೆ ಅಂದ್ರು. ಅದಕ್ಕ ಕಟ್ಟಿದೆ."

ಬೇರು ಕಟ್ಟಬೇಕು, ಬೇಗ ಕಟ್ಟಿಸಿ, ಹುಷಾರಾಗ್ತೀರಿ. ಒಂದಕ್ಷರ ತಪ್ಪದೆ ನನ್ನ ಮಾತನ್ನು ನಡೆಸಿದ್ದಾರೆ. ಇಂಗ್ಲಿಷಿನಲ್ಲಿದ್ದ ಚೀಟಿಯನ್ನು ಬೇರಿನ ಹೆಸರಿರಬೇಕು ಎಂದು ಸಣ್ಣತಿಮ್ಮಪ್ಪನವರಿಗೇ ಕೊಟ್ಟಿದ್ದಾರೆ. ಅವರು ಅದನ್ನು ಭದ್ರವಾಗಿ ಮಡಚಿ ಇಟ್ಟುಕೊಂಡಿದ್ದರು, ತೆಗೆದು ತೋರಿಸಿದರು.

ಇದಲ್ಲಮ್ಮಾ, ಆಪರೇಷನ್ ಆಗಬೇಕು ಎಂದೆ. ಎಲ್ಲರ ಮುಖ ಇಳಿದುಹೋಯಿತು. ದುರುಗಮ್ಮ ಮಂಡಿಯ ಬೇರನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

"ಅವತ್ತು ಕಟ್ಟಬೇಕು ಅಂದ್ರಿ. ಇವತ್ತು ಕೊಯ್ಯಬೇಕು ಅಂತೀರಿ. ಯಾವ ಮಾತು ನಂಬಲವ್ವಾ ನಾನು?"

ಸರಿಯಾಗಿಯೇ ಕೇಳಿದಳು. ನಾನು ಮೂಳೆ, ಮೆತ್ತೆ, ಭಾರ ಎಂದು ಏನೇನೋ ಹೇಳತೊಡಗಿದೆ. ಹೀಗೇ ಬಿಟ್ಟರೆ ಮೂಳೆಗೆ ಮೂಳೆ ಉಜ್ಜಿ ಕೆಲವೇ ವರ್ಷದಲ್ಲಿ ಮಂಡಿಯನ್ನೇ ಬದಲಾಯಿಸಬೇಕಾಗುತ್ತದೆ ಎಂದೂ ಹೇಳಿದೆ. ಯಾರೂ ಕೇಳುತ್ತಿರಲಿಲ್ಲ. ಆಗ ಎದುರಿನ ಗದ್ದೆಯಿಂದ ಹೆಂಗಸರ ದನಿ ಬಂತು, ತಡವಾದ ತುಂಡು ನೆಲವೊಂದರಲ್ಲಿ ನಾಟಿ ನಡೆದಿತ್ತು. ದುರುಗಮ್ಮ ಕತ್ತು ಆ ಕಡೆ ತಿರುಗಿಸಿದಳು. ಊರಿನ ನಾಟಿ ಸಾಲಿಗೆ ಅವ್ವನೇ ಮುಂದಾಳು, ಹಾಡು ಎತ್ತಿಕೊಡುವವಳೂ ಅವ್ವನೇ ಎಂದು ದಿನೇಶ್ ಮೆಲ್ಲಗೆ ಹೇಳಿದ. ಮಂಚಕ್ಕೆ ಬಿದ್ದಾಗಿನಿಂದ ಆ ದನಿ ಕೇಳಿದರೆ ಊಟ ಬಿಡುತ್ತಾಳಂತೆ. ಪೋಸ್ಟರಿನಲ್ಲಿ ನಾನು ಬರೆದದ್ದು 'ಐವತ್ತು ವರ್ಷದ ಮಹಿಳೆ, ಬಲ ಮಂಡಿ ನೋವು' ಎಂದು.

ಪಡಸಾಲೆಯ ಜಂತಿಗೆ ಹಳೇ ಸೀರೆಯ ಜೋಲಿ ಕಟ್ಟಿತ್ತು, ದಿನೇಶನ ಮಗು ಅದರಲ್ಲಿ ಮಲಗಿತ್ತು. ನೋಡುತ್ತಾ ನೋಡುತ್ತಾ ಹೊಳೆಯಿತು. ಕೂಸನ್ನು ಎತ್ತಿಕೊ ಎಂದು ದಿನೇಶನಿಗೆ ಹೇಳಿ, ಜೋಲಿಯ ಒಂದು ಕಡೆಯ ಗಂಟನ್ನು ಬಿಚ್ಚಿದೆ. ಸೀರೆ ಸರ್ರನೆ ಜಾರಿ ಇನ್ನೊಂದು ಗಂಟಿನಿಂದ ನೆಲಕ್ಕೆ ಇಳಿಬಿತ್ತು. ನಿಮ್ಮ ಮಂಡಿಯಲ್ಲಿ ಆಗಿರುವುದು ಇದೇ, ಸೀರೆ ಹರಿದಿಲ್ಲ, ಸವೆದೂ ಇಲ್ಲ, ಹಿಂದಿನ ಗಂಟು ಬಿಚ್ಚಿದೆ ಎಂದೆ. ಸಣ್ಣ ತೂತು ಮಾಡಿ, ದಾರ ಹಾಕಿ, ಆ ತುದಿಯನ್ನು ಮತ್ತೆ ಮೂಳೆಗೆ ಎಳೆದು ಕಟ್ಟುವುದು.

ದುರುಗಮ್ಮ ನೆಲದ ಮೇಲೆ ಬಿದ್ದ ಸೀರೆಯನ್ನೇ ನೋಡುತ್ತಿದ್ದರು.

"ಟಕ್ ಅಂದಿದ್ದು ಗಂಟಾ?"

ಹೌದು ಎಂದೆ.

"ಅವತ್ತೇ ಜೋಲಿ ಅಂದಿದ್ರೆ ಆಗ್ತಿತ್ತಲ್ಲವ್ವಾ."

ಆಪರೇಷನ್ನಿಗೆ ಒಪ್ಪಿದರು. ಎರಡು ಷರತ್ತು. ಒಳಗೆ ಕರೆದುಕೊಂಡು ಹೋಗುವ ಗಳಿಗೆಯವರೆಗೂ ಸಣ್ಣತಿಮ್ಮಪ್ಪನವರ ಬೇರು ಬಿಚ್ಚಬಾರದು. ಮತ್ತೆ ನಾನು ಪಕ್ಕದಲ್ಲೇ ಇರಬೇಕು. ಇರುತ್ತೇನೆ ಎಂದೆ.

ಅಮ್ಮನಿಗೆ ಹೇಳಿದರೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ, ಬೇರು ಅನ್ನು ಅಂದವಳು ನಾನೇ ಅಲ್ಲವಾ ಎಂದಳು.

ಫೆಬ್ರವರಿ 10, ಸೋಮವಾರ

ಸುನೀತಾ ಮೇಡಂ ಶನಿವಾರ ಬೆಳಿಗ್ಗೆ ಆಪರೇಷನ್ ಎಂದರು. ತಕ್ಷಣ ದಿನೇಶನಿಗೆ ಫೋನು ಮಾಡಿದೆ. ಶನಿವಾರ ನನಗೆ ಬೇರೇನೋ ಇದ್ದಂತಿತ್ತು.

ಫೆಬ್ರವರಿ 15, ಶನಿವಾರ

ಕಟ್ಟಿದರು! ಕಣ್ಣಾರೆ ನೋಡಿದೆ!

ಬೆಳಿಗ್ಗೆ ಥಿಯೇಟರಿನ ಬಾಗಿಲಲ್ಲಿ ಸಿಸ್ಟರು ಕತ್ತರಿ ತಂದು ಕೆಂಪು ದಾರ ಕತ್ತರಿಸಿದಾಗ ದುರುಗಮ್ಮನವರು ಆ ಬೇರನ್ನು ನನ್ನ ಕೈಗೇ ಕೊಟ್ಟರು. ಬಿಸಾಕಬ್ಯಾಡ್ರಿ ಎಂದರು. ಏಪ್ರನ್ ಜೇಬಿಗೆ ಹಾಕಿಕೊಂಡೆ. ಸೊಂಟದ ಕೆಳಗೆ ಮಾತ್ರ ಜೋಮು ಹಿಡಿಸಿದ್ದರಿಂದ ಅವರಿಗೆ ಎಚ್ಚರವಿತ್ತು. ನನ್ನ ಎರಡು ಬೆರಳು ಹಿಡಿದುಕೊಂಡವರು ಕೊನೆಯವರೆಗೂ ಬಿಡಲಿಲ್ಲ.

ಪರದೆಯಲ್ಲಿ ಕಂಡಿತು, ಬೆಳ್ಳಗೆ, ತುದಿ ಬಿಚ್ಚಿ ಅಲ್ಲಾಡುತ್ತಿದ್ದ ಬೇರು. ನನ್ನ ಬೂದು ಮಂಜಿನೊಳಗಿದ್ದದ್ದು ಇದೇ! ಸುನೀತಾ ಮೇಡಂ ದಾರ ಪೋಣಿಸಿದರು, ಮೂಳೆಯ ತೂತಿನಿಂದ ಕೆಳಗೆ ಎಳೆದರು. ಬೇರು ಹೋಗಿ ತನ್ನ ಜಾಗದಲ್ಲಿ ಕೂತಿತು. ಕಟ್ಟಿದರಾ ಎಂದು ದುರುಗಮ್ಮನವರು ಕೇಳಿದರು. ಕಟ್ಟಿದರು ಎಂದೆ. ಅಳು ಬಂತು. ಮಾಸ್ಕ್ ಇತ್ತು, ಪುಣ್ಯ.

ಫೋಟೋ ತೆಗೆಯಲು ಕೈ ಬಿಡುವಿರಲಿಲ್ಲ.

ಫೆಬ್ರವರಿ 17, ಸೋಮವಾರ

ಹುಬ್ಬಳ್ಳಿ ಹೇಗಿತ್ತು ಎಂದು ಸರ್ ಕೇಳಿದರು. ಅಯ್ಯೋ ದೇವರೇ. ಸುರುಳಿ ಸುತ್ತಿದ ಪೋಸ್ಟರ್ ಮನೆಯಲ್ಲಿ ಬಾಗಿಲ ಹಿಂದೆಯೇ ನಿಂತಿದೆ. ಹೋಗಲಿಲ್ಲ ಸರ್, ದುರುಗಮ್ಮನವರ ಆಪರೇಷನ್ ಇತ್ತು ಎಂದೆ. ಸರ್ ಕನ್ನಡಕ ತೆಗೆದರು. ಇನ್ನೇನು ಬಂತು ಎಂದುಕೊಂಡೆ. ಒರೆಸಿಕೊಂಡು ಮತ್ತೆ ಹಾಕಿಕೊಂಡರು, ಮುಂದಿನ ಕೇಸು ತೋರಿಸು ಎಂದರು. ಬೈಗುಳವೇ ಇಲ್ಲ. ಯಾಕೋ.

ಆಗಸ್ಟ್ 6, ಬುಧವಾರ

ಎಷ್ಟು ದಿನವಾಯಿತು ಇದರಲ್ಲಿ ಬರೆದು. ಈಗ ಬರೆಯದಿದ್ದರೆ ತಲೆ ಸಿಡಿಯುತ್ತದೆ.

ದುರುಗಮ್ಮನವರ ಮರು ಎಂಆರ್‌ಐ ಇತ್ತು. ಕೋಲು ಬಿಟ್ಟಿದ್ದಾರೆ, ನಡೆದೇ ಬಂದರು. ಹೊರಗೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ನಾಟಿ ಶುರುವಾಯಿತಾ, ಸಣ್ಣತಿಮ್ಮಪ್ಪನವರು ಹೇಗಿದ್ದಾರೆ ಎಂದೆಲ್ಲ ಮಾತಾಡಿದೆವು. ಶಬ್ಬೀರ್ ಬಂದು ಗೊಣಗಿದ. ಈಗೀಗ ನಾನು ಎಲ್ಲರನ್ನೂ ಮಾತಾಡಿಸಿ ಮಾತಾಡಿಸಿ ಅವನ ಪಾಳಿ ತಡವಾಗುತ್ತಿದೆಯಂತೆ. ಏನೋ ಹೇಳುತ್ತಾನೆ.

ಚಿತ್ರ ಬಂತು. ಮುಂತುದಿ ಸರಿ, ಹೊಟ್ಟೆ ಸರಿ. ಆ ಜಾಗಕ್ಕೆ ಬಂದಾಗ ಕೈ ನಿಂತುಹೋಯಿತು. ಕಣ್ಣು ಮುಚ್ಚಿಕೊಂಡು ಸರಿಸಿ, ಆಮೇಲೆ ಕಣ್ಣು ಬಿಟ್ಟೆ. ಇದೆ! ಹೊಸದರಂತೆ ಕಡುಗಪ್ಪಲ್ಲ, ಅಲ್ಲಲ್ಲಿ ಬೂದು ಸೇರಿದ ಕಪ್ಪು. ಮೆತ್ತೆ ಈಗಲೂ ಚೂರು ಹೊರಗೇ ಇದೆ. ಆದರೆ ಎಳೆ ತುಂಡಾಗಿಲ್ಲ, ಮೂಳೆಯವರೆಗೂ ಹೋಗಿ ಕಟ್ಟಿಕೊಂಡಿದೆ. ದೆವ್ವ ಹೋಯಿತು. ಗಂಟು ಕೂತಿದೆ ಎಂದು ಓಡಿಬಂದು ಹೇಳಿದೆ.

"ಯಾವ ಗಂಟು? ಸುನೀತಮ್ಮಂದಾ, ಸಣ್ಣತಿಮ್ಮಪ್ಪಂದಾ?" ಎಂದು ಅವರು ಗಂಭೀರವಾಗಿ ಕೇಳಿದರು. ಕಣ್ಣು ಮಾತ್ರ ನಗುತ್ತಿತ್ತು.

ಈ ಸಲ ಗದ್ದೆಗೆ ಇಳಿಯುವ ಹಾಗಿಲ್ಲ ಎಂದು ಸುನೀತಾ ಮೇಡಂ ಖಡಾಖಂಡಿತ ಹೇಳಿದ್ದಾರೆ. ಇಳಿಯುವುದಿಲ್ಲ, ಬದುವಿನ ಮೇಲೆ ನಿಂತು ಹಾಡು ಎತ್ತಿಕೊಡುತ್ತೇನೆ ಎಂದರು. ಹೊರಡುವಾಗ ನನ್ನ ಬೇರು ಎಲ್ಲಿ ಎಂದು ಕೇಳಿದರು. ಜೇಬಿನಿಂದ ತೆಗೆದು ತೋರಿಸಿದೆ. ಏಪ್ರನ್ ಒಗೆಯಲು ಹಾಕುವಾಗಲೆಲ್ಲ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದೆ, ಅಭ್ಯಾಸವಾಗಿಬಿಟ್ಟಿದೆ. ವಾಸಿಯಾದ ಮೇಲೆ ಅದನ್ನು ಹೊಳೆಗೆ ಬಿಡಬೇಕಂತೆ. ಇಲ್ಲವಾದರೆ ಇಟ್ಟುಕೊಂಡವರ ಕಾಲಿಗೆ ನೋವು ಬರುತ್ತದಂತೆ. ಭಾನುವಾರ ಹರಿಹರಕ್ಕೆ ಬರ್ರಿ ಎಂದರು.

ಆಗಸ್ಟ್ 10, ಭಾನುವಾರ

ಹೊಳೆ ತುಂಬಿ ಹರಿಯುತ್ತಿತ್ತು. ಮೇಲಿನ ಕೆಲವು ಮೆಟ್ಟಿಲು ಬಿಟ್ಟರೆ ಉಳಿದವೆಲ್ಲ ನೀರಿನಲ್ಲಿ. ನಾನು ಬಿಟ್ಟು ಬರುತ್ತೇನೆ, ಇಲ್ಲಾಂದರೆ ನನ್ನ ಕೈ ಹಿಡಿದು ಇಳಿಯಿರಿ ಎಂದು ಜೇಬಿನಿಂದ ಬೇರು ತೆಗೆದೆ. ದುರುಗಮ್ಮನವರು ಬೇರು ಇಸಿದುಕೊಂಡರು, ನನ್ನ ಕೈ ಹಿಡಿಯಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲು ಎಡಗಾಲು, ಆಮೇಲೆ ಬಲಗಾಲು ಎಂದು ಒಂದೊಂದೇ ಮೆಟ್ಟಿಲು ಇಳಿದರು. ಬೇರನ್ನು ನೀರಿಗೆ ಬಿಟ್ಟು ಕೈ ಮುಗಿದರು. ಅದು ಒಂದು ಸುತ್ತು ತಿರುಗಿ ಹೋಗಿಯೇಬಿಟ್ಟಿತು.

ಹತ್ತಿ ಬರುವಾಗ ಬಲಗಾಲನ್ನು ಊರಿ, ಪೂರ್ತಿ ಭಾರ ಅದರ ಮೇಲೇ ಹಾಕಿ ನಿಂತುಬಿಟ್ಟರು. ನನ್ನ ಜೀವ ಬಾಯಿಗೆ ಬಂತು.

"ಏನಾರ ಕೇಳಿಸ್ತೇನವ್ವಾ?" ಎಂದರು.

ಆ ಹೊಳೆಯ ಸದ್ದಿನಲ್ಲಿ ನನಗೇನು ಕೇಳಿಸೀತು. ಇಲ್ಲ ಎಂದೆ.

"ಅದೇ ಮತ್ತೆ," ಎಂದು ನಕ್ಕರು. "ಟಕ್ ಅನ್ನಲಿಲ್ಲ."